ದ್ರವ ಹೀಲಿಯಂನಲ್ಲಿ ಒಂದು ಫೋನಾನ್ ಎರಡಾಗಿ ಒಡೆಯುತ್ತಾ, ಇಲ್ವಾ? ಪುಸ್ತಕ ಪುಸ್ತಕಕ್ಕೇ ಜಗಳ

ಕೊನೆಬೆಂಚು:
ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಸೆಮಿನಾರ್‌ಗೆ ಸುಮ್ನೆ ಇರಲಾರದೆ "ದ್ರವ ಹೀಲಿಯಂನಲ್ಲಿ ಫೋನಾನ್‌ಗಳ ಚದುರುವಿಕೆ" ಅಂತ ವಿಷಯ ಬರೆಸಿಬಿಟ್ಟೆ (ಫೋನಾನ್ ಅಂದರೆ ಶಬ್ದದ ಅಲೆಯ ಶಕ್ತಿಯ ಒಂದು ಪುಟ್ಟ ಕಂತೆ). ಈಗ ತಲೆ ಕೆಟ್ಟು ಮೊಸರಾಗಿದೆ.

ಲೈಬ್ರರಿಯಲ್ಲಿರುವ ಹಳೇ ಪುಸ್ತಕದ ಪ್ರಕಾರ, ತುಂಬಾ ಕಡಿಮೆ ತಾಪಮಾನದಲ್ಲಿ ಒಂದು ಫೋನಾನ್ ಎರಡಾಗಿ ಒಡೆಯುವಂತಿಲ್ಲ. ಶಕ್ತಿಯ ಲೆಕ್ಕ, ಸಂವೇಗದ ಲೆಕ್ಕ ಎರಡೂ ಒಟ್ಟಿಗೆ ಸರಿಹೋಗಲ್ಲವಂತೆ. ಎರಡು ಫೋನಾನ್ ಡಿಕ್ಕಿ ಹೊಡೆದು ಎರಡು ಹೊರಗೆ ಬರುವುದು ಮಾತ್ರ ಸಾಧ್ಯ. ಆದರೆ 1970ರ ನಂತರದ ಲೇಖನಗಳನ್ನು ತೆಗೆದರೆ ಎಲ್ಲರೂ "ಒಂದು ಎರಡಾಗುತ್ತೆ, ಅದೇ ಮುಖ್ಯ" ಅನ್ನುತ್ತಾರೆ. ಯಾರದ್ದು ಸರಿ?

ಇನ್ನೊಂದು ಪೆದ್ದು ಪ್ರಶ್ನೆ. ಫೋನಾನ್ ಅಂದರೆ ಶಬ್ದದ ಅಲೆ ತಾನೇ? ಎರಡು ಅಲೆ ಒಂದರೊಳಗೊಂದು ಹಾದು ಹೋಗುತ್ತವೆ ಅಂತ ಪಿಯುಸಿಯಿಂದ ಓದಿದ್ದೇವೆ. ಹಾಗಿದ್ದ ಮೇಲೆ ಡಿಕ್ಕಿ ಎಲ್ಲಿಂದ ಬಂತು?

ಕಾಫಿತೋಟ:
ಹೀಲಿಯಂ ಅಂದ್ರೆ ಬಲೂನಿಗೆ ತುಂಬೋದು ಅಲ್ವಾ. ಅದರಲ್ಲೂ ಜಗಳನಾ 😀

ಮಂಡ್ಯ ಮೇಷ್ಟ್ರು:
ಎರಡನೇ ಪ್ರಶ್ನೆ ಪೆದ್ದು ಅಲ್ಲಮ್ಮ, ಅದೇ ಅಸಲಿ ಪ್ರಶ್ನೆ. ಅಲೆಗಳು ಹಾದು ಹೋಗುತ್ತವೆ ಅನ್ನೋದು ಸಮೀಕರಣ ರೇಖೀಯವಾಗಿದ್ದಾಗ ಮಾತ್ರ. ದ್ರವದ ಸಮೀಕರಣ ರೇಖೀಯ ಅಲ್ಲ.

ಮೊದಲನೇ ಅಲೆ ಹೋಗುತ್ತಿರುವ ಜಾಗ ನೋಡಿ. ಅಲ್ಲಿ ದ್ರವ ಒಂಚೂರು ಒತ್ತಿಕೊಂಡಿರುತ್ತೆ. ಒತ್ತಿದ ಕಡೆ ಶಬ್ದದ ವೇಗ ಜಾಸ್ತಿ. ಹೀಲಿಯಂ ತುಂಬಾ ಮೆತ್ತಗಿನ ದ್ರವ, ಸಾಂದ್ರತೆ 1 ಪರ್ಸೆಂಟ್ ಏರಿದರೆ ಶಬ್ದದ ವೇಗ ಸುಮಾರು 2.84 ಪರ್ಸೆಂಟ್ ಏರುತ್ತೆ. ಇದಕ್ಕೇ ಗ್ರೂನೈಸನ್ ಸಂಖ್ಯೆ ಅನ್ನುತ್ತಾರೆ. ಅದರ ಮೇಲೆ, ಅಲೆಯೊಳಗಿನ ದ್ರವವೂ ಹಿಂದೆ ಮುಂದೆ ಓಡಾಡುತ್ತಿರುತ್ತೆ. ಎರಡನೇ ಅಲೆ ಅದರ ಮೇಲೆ ಸವಾರಿ ಮಾಡಬೇಕು. ಆ ಓಟದಿಂದ ಇನ್ನೊಂದು 1 ಸೇರುತ್ತೆ. ಒಟ್ಟು 3.84. ಒಡೆಯುವ ದರದ ಸೂತ್ರದಲ್ಲಿ ಇದರ ವರ್ಗ ಬರುತ್ತೆ. ಒಂದು ಅಲೆಯ ದಾರಿಯನ್ನು ಇನ್ನೊಂದು ಬದಲಿಸುತ್ತೆ ಅಂದರೆ ಅದೇ ಡಿಕ್ಕಿ.

ಸೊನ್ನೆ ಕೆಲ್ವಿನ್:
ಮೇಷ್ಟ್ರು ಹೇಳಿದ್ದು ಪಕ್ಕಾ. ಮೊದಲನೇ ಪ್ರಶ್ನೆಗೆ ನಾನು ಬರ್ತೀನಿ. ಕ್ರಯೋ ಲ್ಯಾಬ್‌ನಲ್ಲಿ ಕೆಲಸ, ಹೀಲಿಯಂ ಜೊತೆಗೇ ಜೀವನ.

ಎಲ್ಲಾ ಜಗಳ ಒಂದು ಗ್ರಾಫಿನ ಒಂದು ಚಿಕ್ಕ ತುಂಡಿನದ್ದು. ಅಡ್ಡಕ್ಕೆ ಸಂವೇಗ, ಉದ್ದಕ್ಕೆ ಶಕ್ತಿ (ನಾವು ಶಕ್ತಿಯನ್ನೂ ಕೆಲ್ವಿನ್‌ನಲ್ಲೇ ಹೇಳ್ತೀವಿ). ಸೊನ್ನೆಯಿಂದ ಗೆರೆ ನೇರವಾಗಿ ಏರುತ್ತೆ. ಇಳಿಜಾರು ಸೆಕೆಂಡಿಗೆ 238 ಮೀಟರ್, ಅಂದರೆ ಶಬ್ದದ ವೇಗ. ಆಮೇಲೆ ಗೆರೆ ಬಾಗಿ 14 ಕೆಲ್ವಿನ್ ಹತ್ತಿರ ಗುಡ್ಡ ಆಗಿ, ಮತ್ತೆ 8.6 ಕೆಲ್ವಿನ್‌ವರೆಗೆ ಹಳ್ಳಕ್ಕೆ ಇಳಿಯುತ್ತೆ. ಆ ಹಳ್ಳದಲ್ಲಿರೋದು ರೋಟಾನ್. ಇದು ಸೋವಿಯತ್ ಭೌತವಿಜ್ಞಾನಿ ಲ್ಯಾಂಡೌ 1947ರಲ್ಲಿ ಬರೆದ ಗೆರೆ. 1941ರಲ್ಲಿ ಅವರು ಫೋನಾನಿಗೆ ಒಂದು ಗೆರೆ, ರೋಟಾನಿಗೆ ಬೇರೆ ಗೆರೆ ಹಾಕಿದ್ದರು.

ಈಗ ಆರಂಭದ ಭಾಗ ಮಾತ್ರ ಹಿಡ್ಕೊಳ್ಳಿ. ಗೆರೆ ನೇರದಿಂದ ಕೆಳಗೆ ಬಾಗಿದರೆ, ದೊಡ್ಡ ಫೋನಾನಿನ ಶಕ್ತಿ ಅದರ ಎರಡು ತುಂಡುಗಳ ಒಟ್ಟು ಶಕ್ತಿಗಿಂತ ಕಡಿಮೆ ಆಗುತ್ತೆ. ಕೈಯಲ್ಲಿ ಕಾಸಿಲ್ಲ, ಒಡೆಯಲ್ಲ. ಗೆರೆ ಮೇಲಕ್ಕೆ ಬಾಗಿದರೆ ಶಕ್ತಿ ಸ್ವಲ್ಪ ಮಿಗುತ್ತೆ. ಆ ಮಿಕ್ಕಿದ್ದನ್ನು ಖರ್ಚು ಮಾಡೋಕೆ ಎರಡು ತುಂಡುಗಳು ಒಂದಕ್ಕೊಂದು ಸಣ್ಣ ಕೋನದಲ್ಲಿ ಅಗಲಿ ಹೋಗುತ್ತವೆ. ಎಲ್ಲಾ ಸರಿಹೋಯ್ತು, ಒಡೆಯಿತು.

ನಿಮ್ಮ ಹಳೇ ಪುಸ್ತಕ ಗೆರೆ ಕೆಳಗೆ ಬಾಗುತ್ತೆ ಅಂತ ಇಟ್ಟುಕೊಂಡಿದೆ. ಅಸಲಿಗೆ ಕಡಿಮೆ ಒತ್ತಡದಲ್ಲಿ ಅದು ಮೊದಲು ಮೇಲಕ್ಕೆ ಬಾಗುತ್ತೆ. ಎಷ್ಟು ಅಂದರೆ, ಜಾಸ್ತಿ ಬಾಗಿದ ಕಡೆಯಲ್ಲೂ ನೇರ ಗೆರೆಗಿಂತ ಸುಮಾರು 4 ಪರ್ಸೆಂಟ್ ಮೇಲೆ. ಅಷ್ಟೇ!

ಕೊನೆಬೆಂಚು:
4 ಪರ್ಸೆಂಟಿಗೆ ಇಷ್ಟೊಂದು ರಂಪಾಟನಾ?

ಥಿಯರಿ ತಿಪ್ಪ:
ಅದಕ್ಕಿಂತ ಕಡಿಮೆ ಇದ್ದರೂ ರಂಪಾಟ ಇಷ್ಟೇ ಇರುತ್ತಿತ್ತು. ಇಲ್ಲಿ ಮುಖ್ಯವಾಗೋದು ಪ್ಲಸ್ಸೋ ಮೈನಸ್ಸೋ ಅನ್ನೋದು. ಎಷ್ಟು ಅನ್ನೋದು ಆಮೇಲಿನ ಮಾತು. ಗೆರೆ ಪೂರ್ತಿ ನೇರ ಇದ್ದರೆ ಒಡೆಯುವಿಕೆ ಒಂದೇ ಸಾಲಿನಲ್ಲಿ, ಕೋನವೇ ಇಲ್ಲದೆ, ಅಂಚಿನ ಮೇಲೆ ನಿಂತಿರುತ್ತೆ. ಆ ಕಡೆ ತಳ್ಳಿದರೆ ಬಾಗಿಲು ತೆರೆಯುತ್ತೆ, ಈ ಕಡೆ ತಳ್ಳಿದರೆ ಮುಚ್ಚುತ್ತೆ.

ಆದರೆ "ಲ್ಯಾಂಡೌ ತಪ್ಪು ಮಾಡಿದ" ಅಂತ ಸೆಮಿನಾರಿನಲ್ಲಿ ಬಾಯಿ ಬಿಡಬೇಡಿ. 1949ರಲ್ಲಿ ಲ್ಯಾಂಡೌ ಮತ್ತು ಖಲತ್ನಿಕೋವ್ ಲೆಕ್ಕ ಹಾಕಿದ್ದು ಮುಖ್ಯವಾಗಿ ಸ್ನಿಗ್ಧತೆಗೆ, ಅಂದರೆ ದ್ರವ ಹರಿಯುವಾಗಿನ ಒಳತಡೆಗೆ. 1 ಕೆಲ್ವಿನ್ ಮೇಲೆ ಫೋನಾನ್ ಜಾಸ್ತಿ ಡಿಕ್ಕಿ ಹೊಡೆಯೋದು ರೋಟಾನ್‌ಗಳಿಗೆ, ಅಲ್ಲಿ ಅವರ ಚಿತ್ರ ಇಂದಿಗೂ ನಿಲ್ಲುತ್ತೆ. ತಕರಾರು ಇರುವುದು 0.6 ಕೆಲ್ವಿನ್ ಕೆಳಗೆ, ರೋಟಾನ್‌ಗಳು ಹೆಚ್ಚುಕಡಿಮೆ ಖಾಲಿಯಾದ ಜಾಗದಲ್ಲಿ.

ಸೊನ್ನೆ ಕೆಲ್ವಿನ್:
ತಿಪ್ಪಣ್ಣ, ಯಾರೂ ಲ್ಯಾಂಡೌಗೆ ಬೈದಿಲ್ಲ. ಆದರೂ ಮೂರು-ಫೋನಾನ್ ಬಾಗಿಲು (ಒಂದು ಎರಡಾಗೋದು, ಇಲ್ಲವೇ ಎರಡು ಒಂದಾಗೋದು) ಮುಚ್ಚಿದೆ ಅಂತ ಇಪ್ಪತ್ತು ವರ್ಷ ಎಲ್ಲರೂ ನಂಬಿದ್ದು ಅವರ ಹೆಸರಿನಿಂದಾನೇ ಅಲ್ವಾ?

ಥಿಯರಿ ತಿಪ್ಪ:
ನಂಬದೆ ಏನು ಮಾಡಬೇಕಿತ್ತು? 1950ರ ದಶಕದ ಕೊನೆಯಲ್ಲಿ ಹೀಲಿಯಂ ಮೇಲೆ ನ್ಯೂಟ್ರಾನ್ ಹಾಯಿಸಿ ಗೆರೆ ಅಳೆದರಲ್ಲ, ಲ್ಯಾಂಡೌ ಗೆರೆ ಗುಡ್ಡ ಹಳ್ಳ ಸಮೇತ ಹಾಗೇ ಬಂತು. ಅಂಥವರ ಮಾತು ಬಿಟ್ಟು ನಿಮ್ಮ ಮಾತು ನಂಬಬೇಕಿತ್ತಾ?

ಡಚ್ಚರ ನಾಡಿನಿಂದ:
ನ್ಯೂಟ್ರಾನ್ ವಿಷಯಕ್ಕೆ ಒಂದು ಮಾತು. ಆ ಅಳತೆಗಳಲ್ಲಿ ಈ ಮೇಲ್ಬಾಗು ಕಣ್ಣಿಗೆ ಬೀಳೋದು ಕಷ್ಟ. ಸಂವೇಗ ಸಣ್ಣದಾದಷ್ಟೂ ನ್ಯೂಟ್ರಾನ್ ಬಹುತೇಕ ನೇರವಾಗಿ ಹೋಗುತ್ತೆ. ಚದುರಿದ್ದು ಯಾವುದು, ಸುಮ್ನೆ ಹಾದು ಬಂದದ್ದು ಯಾವುದು ಅಂತ ಬೇರ್ಪಡಿಸೋದೇ ತಲೆನೋವು. ಜಗಳ ಇರೋದು ಸರಿಯಾಗಿ ಆ ಮೂಲೆಯಲ್ಲೇ.

ಅಂದಹಾಗೆ ನಾನಿರೋದು ಲೀಡೆನ್ ಹತ್ತಿರ. ಕಾಮರ್ಲಿಂಗ್ ಓನ್ನೆಸ್ ಮೊದಲ ಸಲ ಹೀಲಿಯಂ ದ್ರವ ಮಾಡಿದ್ದು ಇಲ್ಲೇ, 1908ರ ಜುಲೈ 10ಕ್ಕೆ.

ಜಮಖಂಡಿ ಜೋಳ:
ಲೀಡೆನ್ನಿಗೆ ಹೋಗೋಕ್ಕಿಂತ ಮೊದಲು ಜಮಖಂಡಿಗೆ ಬರ್ರಿ. 1868ರ ಆಗಸ್ಟ್ 18ರ ಗ್ರಹಣ ನೋಡಾಕ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮೂರಿಗೆ ಬಂದಿದ್ದರು. ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನ ಒಡೆದು ಗೆರೆಗಳನ್ನ ನೋಡಿದರು. ಅದೇ ಗ್ರಹಣವನ್ನ ಜಾನ್ಸೆನ್ ಗುಂಟೂರಿನಲ್ಲಿ ನೋಡಿದ್ದು ಎಲ್ಲರಿಗೂ ಗೊತ್ತು, ನಮ್ಮ ಊರ ಹೆಸರು ಯಾರೂ ತೆಗೆಯಂಗಿಲ್ಲ. ಸೂರ್ಯನ ಬೆಳಕಿನ ಆ ಗೆರೆಗಳಲ್ಲಿ ಹಳದಿಯದ್ದು ಒಂದಿತ್ತಲ್ಲ, ಅದರಿಂದಾನೇ ಮುಂದೆ ಹೀಲಿಯಂ ಅನ್ನೋ ಹೆಸರು ಬಂದದ್ದು.

ಮಂಡ್ಯ ಮೇಷ್ಟ್ರು:
ಭಲೇ! ಇದು ನನಗೆ ಹೊಸದು. ಊರಲ್ಲಿ ಒಂದು ಫಲಕನಾದ್ರೂ ಹಾಕಿಸಿ ಸ್ವಾಮಿ.

ಎಂಆರ್‌ಐ ಮಂಜ:
ನಮ್ಮ ಸ್ಕ್ಯಾನಿಂಗ್ ಮೆಷಿನ್‌ನಲ್ಲಿ ಸಾವಿರ ಲೀಟರಿಗಿಂತ ಜಾಸ್ತಿ ದ್ರವ ಹೀಲಿಯಂ ಇರುತ್ತೆ. ಅಲ್ಲೂ ಈ ಫೋನಾನ್ ಒಡೆಯೋದು ನಡೀತಿರುತ್ತಾ? ಸರ್ವಿಸ್‌ಗೆ ಹೋದಾಗ ಇನ್ಮೇಲೆ ಗೌರವದಿಂದ ನೋಡ್ತೀನಿ.

ಸೊನ್ನೆ ಕೆಲ್ವಿನ್:
ಮಂಜಣ್ಣ, ನಿಮ್ಮ ಮೆಷಿನ್ನಿನದ್ದು 4.2 ಕೆಲ್ವಿನ್‌ನಲ್ಲಿ ಕುದಿಯುವ ಸಾದಾ ದ್ರವ. ಸೂಪರ್‌ಫ್ಲೂಯಿಡ್ (ತಡೆಯಿಲ್ಲದೆ ಹರಿಯುವ ದ್ರವ) ಆಗಬೇಕಾದರೆ 2.17ಕ್ಕಿಂತ ಕೆಳಗೆ ಇಳಿಸಬೇಕು. ಜಿನೀವಾದ ಎಲ್‌ಎಚ್‌ಸಿ ಅನ್ನೋ ಕಣ ಡಿಕ್ಕಿ ಯಂತ್ರದಲ್ಲಿ ಮ್ಯಾಗ್ನೆಟ್‌ಗಳನ್ನು 1.9 ಕೆಲ್ವಿನ್‌ನಲ್ಲಿ ಇಡುತ್ತಾರೆ, ಅದು ಸೂಪರ್‌ಫ್ಲೂಯಿಡ್. ಆದರೆ ಅಲ್ಲಿ ರೋಟಾನ್‌ಗಳ ಸಂತೆ, ಫೋನಾನ್ ಒಂಟಿಯಾಗಿ ಓಡಾಡೋಕೆ ಜಾಗ ಇಲ್ಲ.

ಸಾದಾ ದ್ರವ ಸೂಪರ್‌ಫ್ಲೂಯಿಡ್ ಆಗೋದನ್ನು ಗಾಜಿನ ಡ್ಯೂವರ್‌ನಲ್ಲಿ (ಥರ್ಮಾಸಿನಂಥ ಪಾತ್ರೆ) ಕಣ್ಣಾರೆ ನೋಡಬೇಕು. ಪಂಪ್ ಹಾಕಿ ಆವಿ ಎಳೆಯುತ್ತಾ ಹೋದರೆ ಹೀಲಿಯಂ ಗುಳುಗುಳು ಅಂತ ಮೇಲೆ ಕೆಳಗೆ ಕುದಿಯುತ್ತೆ, ಪಾತ್ರೆ ತುಂಬಾ ಗುಳ್ಳೆ. ಒತ್ತಡ 50 ಮಿಲಿಬಾರ್ ಹತ್ತಿರ ಬಂದ ತಕ್ಷಣ ಒಂದೇ ಏಟಿಗೆ ಗುಳ್ಳೆ ನಿಲ್ಲುತ್ತೆ. ಪಂಪ್ ಓಡುತ್ತಲೇ ಇರುತ್ತೆ, ಆವಿ ಹೋಗುತ್ತಲೇ ಇರುತ್ತೆ, ಒಳಗೆ ಮಾತ್ರ ಗಾಜಿನ ತುಂಡಿನ ಹಾಗೆ ತಿಳಿ ದ್ರವ. ಶಾಖ ಎಷ್ಟು ಬೇಗ ಸಾಗುತ್ತೆ ಅಂದರೆ ಒಂದು ಕಡೆ ಬಿಸಿಯಾಗಿ ಗುಳ್ಳೆ ಏಳೋಕೆ ಪುರುಸೊತ್ತೇ ಇರಲ್ಲ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಕಾಫಿತೋಟ:
ಸರಿ, ಆದರೆ ಇದೇ ಫೋನಾನ್ ಉಪ್ಪಿನ ಹರಳಿನಲ್ಲೂ ಇದೆ, ಸಿಲಿಕಾನ್‌ನಲ್ಲೂ ಇದೆ. ಇಷ್ಟು ದುಬಾರಿ ಹೀಲಿಯಂನಲ್ಲೇ ಯಾಕೆ ನೋಡಬೇಕು? ಸುಮ್ನೆ ಕೇಳ್ತಿದೀನಿ.

ಮಂಡ್ಯ ಮೇಷ್ಟ್ರು:
ಚೆನ್ನಾಗಿ ಕೇಳಿದಿರಿ. ಹರಳಿನಲ್ಲಿ ಗಲಾಟೆ ಜಾಸ್ತಿ. ಉದ್ದಲೆ ಒಂದು, ಅಡ್ಡಲೆ ಎರಡು, ದಿಕ್ಕಿಗೊಂದು ವೇಗ, ಮೇಲೆ ಕಲ್ಮಶ, ಬಿರುಕು. ಜೊತೆಗೆ ಡಿಕ್ಕಿಯಲ್ಲಿ ಹರಳಿನ ಜಾಲಕವೇ ಸಂವೇಗ ನುಂಗಿ ಹಾಕುವ ಉಮ್‌ಕ್ಲಾಪ್ ಅನ್ನೋದೂ ಇದೆ. ದ್ರವ ಹೀಲಿಯಂನಲ್ಲಿ ಜಾಲಕ ಇಲ್ಲ, ಅಡ್ಡಲೆಯ ಫೋನಾನ್ ಇಲ್ಲ, ದಿಕ್ಕು ಎಲ್ಲಾ ಒಂದೇ. ಕಲ್ಮಶ ಅಂದರೆ ಆ ಚಳಿಗೆ ಎಲ್ಲಾ ಗಟ್ಟಿಯಾಗಿ ಗೋಡೆಗೆ ಅಂಟಿರುತ್ತೆ, ಹೀಲಿಯಂನದ್ದೇ ಹಗುರ ರೂಪವಾದ ಹೀಲಿಯಂ-3 ಒಂದನ್ನು ಬಿಟ್ಟು. ಫೋನಾನಿಗೂ ಫೋನಾನಿಗೂ ನಡುವೆ ಏನು ನಡೆಯುತ್ತೆ ಅಂತ ಇಷ್ಟು ಬಿಡಿಬಿಡಿಯಾಗಿ ಬೇರೆಲ್ಲೂ ಕಾಣಲ್ಲ. ಇನ್ನೊಂದು ಅನುಕೂಲ, ಒತ್ತಡ ಕೊಟ್ಟು ಗೆರೆಯ ಬಾಗನ್ನೇ ಬದಲಾಯಿಸಬಹುದು. 25 ಬಾರ್‌ವರೆಗೂ ಹೀಲಿಯಂ ದ್ರವವಾಗೇ ಇರುತ್ತೆ, ಅಷ್ಟರಲ್ಲಿ ಶಬ್ದದ ವೇಗ 238ರಿಂದ 366ಕ್ಕೆ ಏರುತ್ತೆ.

ಕೊನೆಬೆಂಚು:
ಗೆರೆ ಮೇಲಕ್ಕೆ ಬಾಗುತ್ತೆ ಅಂತ ಮೊದಲು ಪತ್ತೆ ಹಚ್ಚಿದ್ದು ಯಾರು, ಹೇಗೆ? ನ್ಯೂಟ್ರಾನ್‌ನಲ್ಲಿ ಕಾಣಲ್ಲ ಅಂದಿರಿ.

ಸೊನ್ನೆ ಕೆಲ್ವಿನ್:
ಅಲ್ಟ್ರಾಸೌಂಡಿನಿಂದ ಶುರುವಾಯ್ತು. 0.6 ಕೆಲ್ವಿನ್ ಕೆಳಗೆ ಶಬ್ದ ಎಷ್ಟು ಬೇಗ ಸೊರಗುತ್ತೆ ಅಂತ ಅಳೆದರು. ನಾಲ್ಕು-ಫೋನಾನ್ ಲೆಕ್ಕ (ಎರಡು ಡಿಕ್ಕಿ ಹೊಡೆದು ಎರಡು ಹೊರಬರೋದು) ಹೇಳೋದಕ್ಕಿಂತ ಜಾಸ್ತಿ ಸೊರಗುತ್ತಿತ್ತು. ತಾಪಮಾನದ ನಾಲ್ಕನೇ ಘಾತದ ಹಾಗೆ ಏರುತ್ತಿತ್ತು, ಅದು ಮೂರು-ಫೋನಾನ್ ಪ್ರಕ್ರಿಯೆಯ ಗುರುತು. ನಿಷೇಧ ಇದ್ದರೂ ಕಳ್ಳ ಹೇಗೆ ನುಗ್ಗಿದ ಅಂತ ಜನ ಏನೇನೋ ಸಮಜಾಯಿಷಿ ಕೊಟ್ಟರು. 1970ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಮಾರಿಸ್ ಮತ್ತು ಮ್ಯಾಸ್ಸಿ, ಗೆರೆ ಮೇಲಕ್ಕೆ ಬಾಗಿದೆ ಅಂದುಕೊಂಡರೆ ಎಲ್ಲಾ ಸರಿಹೋಗುತ್ತೆ ಅಂದರು. ಅದೇ ವರ್ಷ ಫಿಲಿಪ್ಸ್ ಮತ್ತು ಜೊತೆಯವರು ಹೀಲಿಯಂ ಬಿಸಿಯಾಗೋಕೆ ಎಷ್ಟು ಶಾಖ ಬೇಕು ಅಂತ ಅಳೆದು, ಗೆರೆ ಮೇಲೆ ಬಾಗಿದೆಯಾ ಅಂತ ಅವರೂ ಕೇಳಿದರು.

ಗಟ್ಟಿ ಸಾಕ್ಷಿ ಬಂದದ್ದು 1970ರ ದಶಕದ ನಡುವೆ, ಬೆಲ್ ಲ್ಯಾಬ್ಸ್‌ನ ಡೈನ್ಸ್ ಮತ್ತು ನಾರಾಯಣಮೂರ್ತಿ ಅವರಿಂದ. ಸೂಪರ್‌ಕಂಡಕ್ಟರ್ ಟನಲ್ ಜಂಕ್ಷನ್ನನ್ನೇ ಫೋನಾನ್ ಹುಟ್ಟಿಸೋಕೂ ಹಿಡಿಯೋಕೂ ಬಳಸಿದರು. ಸಣ್ಣ ಶಕ್ತಿಯ ಫೋನಾನ್ ದಾರಿಯಲ್ಲೇ ಒಡೆದು ಹೋಗುತ್ತೆ, ಒಂದು ಗಡಿ ದಾಟಿದ ಶಕ್ತಿಯದ್ದು ಸೀದಾ ಬಂದು ತಲುಪುತ್ತೆ. ಒತ್ತಡ ಸೊನ್ನೆ ಇದ್ದಾಗ ಆ ಗಡಿ ಸುಮಾರು 10 ಕೆಲ್ವಿನ್, ಅಂದರೆ 200 ಗಿಗಾಹರ್ಟ್ಸ್ ಆಸುಪಾಸು. ಒತ್ತಡ ಏರಿಸಿದ ಹಾಗೆ ಗಡಿ ಕೆಳಗೆ ಇಳಿದು 18-19 ಬಾರ್ ಹತ್ತಿರ ಸೊನ್ನೆಯಾಗುತ್ತೆ. ಅದರ ಮೇಲೆ ಗೆರೆ ಎಲ್ಲಾ ಕಡೆ ಕೆಳಗೇ ಬಾಗುತ್ತೆ, ಯಾವ ಫೋನಾನೂ ತಾನಾಗಿ ಒಡೆಯಲ್ಲ.

ಹಾಗಾಗಿ ನಿಮ್ಮ ಹಳೇ ಪುಸ್ತಕ 20 ಬಾರ್‌ನಲ್ಲಿ ಸರಿ, ಹೊಸ ಲೇಖನ ಸೊನ್ನೆ ಬಾರ್‌ನಲ್ಲಿ ಸರಿ.

ಡಚ್ಚರ ನಾಡಿನಿಂದ:
ವೆಂಕಟೇಶ್ ನಾರಾಯಣಮೂರ್ತಿ ಹುಟ್ಟಿದ್ದು ಬೆಂಗಳೂರಲ್ಲಿ. ಆಮೇಲೆ ಹಾರ್ವರ್ಡ್‌ನಲ್ಲಿ ಎಂಜಿನಿಯರಿಂಗ್ ಡೀನ್ ಆದರು.

ಕಾಫಿತೋಟ:
ಇನ್ಫೋಸಿಸ್‌ನವರಾ??

ಡಚ್ಚರ ನಾಡಿನಿಂದ:
ಅಲ್ಲ ಮಾರಾಯ್ರೇ!! ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು.

ಥಿಯರಿ ತಿಪ್ಪ:
"ಸಣ್ಣ ಶಕ್ತಿಯದ್ದು ಒಡೆಯುತ್ತೆ, ದೊಡ್ಡದ್ದು ಒಡೆಯಲ್ಲ" ಅಂತ ಹೇಳಿ ಬಿಟ್ಟರೆ ಹುಡುಗಿ ದಾರಿ ತಪ್ಪುತ್ತಾಳೆ. ಗಡಿಯ ಕೆಳಗಿನದ್ದೆಲ್ಲ ಒಂದೇ ವೇಗದಲ್ಲಿ ಒಡೆಯಲ್ಲ. ತಾನಾಗಿ ಒಡೆಯುವ ದರ ಸಂವೇಗದ ಐದನೇ ಘಾತದ ಹಾಗೆ ಹೋಗುತ್ತೆ. 1 ಕೆಲ್ವಿನ್ ಫೋನಾನಿಗಿಂತ 5 ಕೆಲ್ವಿನ್ ಫೋನಾನ್ 3,125 ಪಟ್ಟು ಬೇಗ ಒಡೆಯುತ್ತೆ, ಲೆಕ್ಕ ಹಾಕಿಕೊಳ್ಳಿ. ಹಾಗಾಗಿ ತೀರಾ ಸಣ್ಣದ್ದು ಬದುಕುತ್ತೆ, 10 ದಾಟಿದ್ದು ಬದುಕುತ್ತೆ, ಸಾಯುವುದು ನಡುವಿನದ್ದು. ನೀವು ಅಲ್ಟ್ರಾಸೌಂಡ್ ಅಂದಿರಲ್ಲ, ಅಲ್ಲಿ ಶಬ್ದದ ಸಣ್ಣ ಫೋನಾನ್ ತಾನಾಗಿ ಒಡೆಯಲ್ಲ, ದ್ರವದಲ್ಲಿ ಮೊದಲೇ ಇರುವ ಬಿಸಿಯ ಫೋನಾನ್ ಅದನ್ನು ನುಂಗುತ್ತೆ. ಎರಡು ಸೇರಿ ಒಂದಾಗುತ್ತೆ. ಅದೂ ಮೂರು-ಫೋನಾನ್ ಪ್ರಕ್ರಿಯೆಯೇ, ಆದರೆ ಉಲ್ಟಾ ದಿಕ್ಕಿನದ್ದು. ಇವೆರಡನ್ನೂ ಕಲಸಬೇಡಿ.

ಸೊನ್ನೆ ಕೆಲ್ವಿನ್:
ಇದು ಒಳ್ಳೇ ಮಾತು. ಇದನ್ನು ಸ್ಲೈಡಿಗೆ ಹಾಕಿಕೊಳ್ಳಿ.

ಕೊನೆಬೆಂಚು:
ಹಾಕಿಕೊಂಡೆ. ಹಾಗಾದರೆ ನಾಲ್ಕು-ಫೋನಾನ್ ಡಿಕ್ಕಿ ಸೊನ್ನೆ ಬಾರ್‌ನಲ್ಲಿ ಲೆಕ್ಕಕ್ಕೇ ಇಲ್ವಾ? ಅದನ್ನ ತೆಗೆದೇ ಹಾಕಲಾ?

ಸೊನ್ನೆ ಕೆಲ್ವಿನ್:
ಅಯ್ಯೋ ಬೇಡ ಬೇಡ, ಸೆಮಿನಾರಿನ ಸ್ವಾರಸ್ಯವೇ ಅಲ್ಲಿರೋದು. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ವಯಟ್ ಅವರ ಗುಂಪು ಮಾಡಿದ ಪ್ರಯೋಗ ನೋಡಿ. ಹೀಲಿಯಂನ್ನು 0.1 ಕೆಲ್ವಿನ್‌ಗಿಂತ ತಣ್ಣಗೆ ಮಾಡಿದರೆ ಅದರಲ್ಲಿ ಮೊದಲೇ ಇರುವ ಫೋನಾನ್ ಇಲ್ಲವೆಂದೇ ಹೇಳಬಹುದು, ಖಾಲಿ ಮೈದಾನ. ಒಂದು ಕಡೆ ತೆಳು ಚಿನ್ನದ ಪದರದ ಹೀಟರ್. ಅದಕ್ಕೆ ಒಂದು ಕ್ಷಣದ ಕರೆಂಟ್ ಕೊಟ್ಟರೆ ಫೋನಾನ್‌ಗಳ ಒಂದು ಗುಂಪು ಹೊರಡುತ್ತೆ. ಎದುರಿಗೆ ಬೊಲೋಮೀಟರ್, ಅಂದರೆ ಬಂದ ಶಾಖವನ್ನು ಅಳೆಯೋ ಸಾಧನ. ಹೀಟರ್ ಕೊಟ್ಟದ್ದು ಒಂದೇ ಪಲ್ಸ್, ಆದರೆ ಬೊಲೋಮೀಟರಿನಲ್ಲಿ ಕಾಣೋದು ಎರಡು.

10 ಮಿಲಿಮೀಟರ್ ದೂರ ಅಂದುಕೊಳ್ಳಿ. ಮೊದಲನೇದು ಸುಮಾರು 42 ಮೈಕ್ರೋಸೆಕೆಂಡಿಗೆ ಬರುತ್ತೆ, ಅಂದರೆ ಸೆಕೆಂಡಿಗೆ 238 ಮೀಟರ್. ಅವು ಸಣ್ಣ ಶಕ್ತಿಯವು, ಒಡೆದು ಸೇರಿ ಒಡೆದು ಸೇರಿ ತಮ್ಮೊಳಗೇ ಹಂಚಿಕೊಂಡು ಒಟ್ಟಿಗೆ ಓಡುತ್ತವೆ. ಎರಡನೇದು 53ರ ಹತ್ತಿರ ಬರುತ್ತೆ, ಸೆಕೆಂಡಿಗೆ 189 ಮೀಟರ್. ಅವು 10 ಕೆಲ್ವಿನ್ ದಾಟಿದ ದೊಡ್ಡ ಫೋನಾನ್‌ಗಳು, ಗೆರೆ ಕೆಳಗೆ ಬಾಗಿದ ಕಡೆ ಇರೋದರಿಂದ ನಿಧಾನ.

ಅವು ಹೀಟರಿನಿಂದ ಸೀದಾ ಬಂದವಲ್ಲ! ಸಣ್ಣವುಗಳ ಗುಂಪಿನೊಳಗೇ ನಾಲ್ಕು-ಫೋನಾನ್ ಡಿಕ್ಕಿಯಲ್ಲಿ ಹುಟ್ಟಿದವು. ಎರಡು ಡಿಕ್ಕಿ ಹೊಡೆದು ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಶಕ್ತಿ ಸಿಕ್ಕಿ, ಹೆಚ್ಚಿನದು 10 ಕೆಲ್ವಿನ್ ಗಡಿ ದಾಟಿಬಿಡುತ್ತೆ. ದಾಟಿದ ಮೇಲೆ ಒಡೆಯೋಕೂ ಆಗಲ್ಲ, ಗುಂಪಿನ ವೇಗಕ್ಕೆ ಓಡೋಕೂ ಆಗಲ್ಲ. ತೇರಿನ ಮುಂದೆ ನುಗ್ಗುವ ಜನರ ನಡುವೆ ನಿಧಾನಕ್ಕೆ ನಡೆಯುವವನ ಹಾಗೆ ಹಿಂದೆ ಬಿದ್ದು ಬಿಡುತ್ತೆ. ಹಿಂದೆ ಡಿಕ್ಕಿ ಹೊಡೆಯೋಕೆ ಯಾರೂ ಇಲ್ಲ, ಆರಾಮಾಗಿ ಗೋಡೆ ತಲುಪುತ್ತೆ. ತಣ್ಣಗಿನ ದ್ರವಕ್ಕೆ ಬಿಟ್ಟ ಸಣ್ಣ ಫೋನಾನ್‌ಗಳಿಂದ ಅಷ್ಟು ಬಿಸಿಯ ಫೋನಾನ್ ಹುಟ್ಟುತ್ತೆ ಅಂತ ಮೊದಲು ಓದಿದಾಗ ನನಗೆ ಮೋಸ ಅನ್ನಿಸಿತ್ತು.

ಮಂಡ್ಯ ಮೇಷ್ಟ್ರು:
ಥರ್ಮೊಡೈನಮಿಕ್ಸ್‌ಗೆ ಏನೂ ಮೋಸ ಆಗಿಲ್ಲ ಬಿಡಿ. ಯಾವುದೇ ಬಿಸಿ ಗುಂಪಿನಲ್ಲಿ ಜಾಸ್ತಿ ಶಕ್ತಿಯ ಬಾಲ ಇದ್ದೇ ಇರುತ್ತೆ. ಇಲ್ಲಿ ಬಾಲ ಕಳಚಿಕೊಂಡು ಹಿಂದೆ ಉಳಿಯುತ್ತೆ, ಗುಂಪು ಅದನ್ನು ಮತ್ತೆ ಹುಟ್ಟಿಸುತ್ತೆ. ಗುಂಪು ಅಷ್ಟಷ್ಟೇ ತಣ್ಣಗಾಗುತ್ತಾ ಹೋಗುತ್ತೆ.

ಜಮಖಂಡಿ ಜೋಳ:
ಇದರಿಂದ ಉಪಯೋಗ ಏನ್ರಿ?

ಕಾಫಿತೋಟ:
ನಾನು ಕೇಳೋಣ ಅಂತಿದ್ದೆ, ಬೈತಾರೆ ಅಂತ ಸುಮ್ಮನಿದ್ದೆ.

ಡಚ್ಚರ ನಾಡಿನಿಂದ:
ಒಂದು ಉಪಯೋಗ ಹೇಳ್ತೀನಿ. ಹೀಲಿಯಂ ಮೇಲ್ಮೈಯಿಂದ ಒಂದು ಪರಮಾಣು ಕಿತ್ತು ಬರಬೇಕಾದರೆ ಸುಮಾರು 7.16 ಕೆಲ್ವಿನ್ ಶಕ್ತಿ ಬೇಕು. 10 ಕೆಲ್ವಿನ್ ಫೋನಾನ್ ಮೇಲ್ಮೈಗೆ ಬಂದು ಗುದ್ದಿದರೆ ಒಂದು ಪರಮಾಣು ಹೊರಗೆ ಹಾರುತ್ತೆ. ಒಂದಕ್ಕೆ ಒಂದು. ಇದಕ್ಕೆ ಕ್ವಾಂಟಮ್ ಆವಿಯಾಗುವಿಕೆ ಅನ್ನುತ್ತಾರೆ, ಇದೂ ಎಕ್ಸೆಟರ್‌ನಲ್ಲೇ ತೋರಿಸಿದ್ದು. ಇದನ್ನೇ ಇಟ್ಟುಕೊಂಡು ಬ್ರೌನ್‌ನಲ್ಲಿ ಹೀರಾನ್ ಅಂತ ಸೂರ್ಯನ ನ್ಯೂಟ್ರಿನೋ ಹಿಡಿಯೋ ಯೋಜನೆ ಮಾಡಿದರು. ಮಾರಿಸ್ ಅಲ್ಲೂ ಇದ್ದರು. ಈಗ ಹೆರಾಲ್ಡ್ ಅನ್ನೋ ಯೋಜನೆ ಹಗುರ ಡಾರ್ಕ್ ಮ್ಯಾಟರ್ ಕಣಕ್ಕೆ ಇದೇ ಬಲೆ ಬೀಸಿದೆ. ಕಣ ಬಂದು ಹೀಲಿಯಂ ಪರಮಾಣುವಿಗೆ ತಟ್ಟಬೇಕು, ಅದರಿಂದ ಹುಟ್ಟಿದ ಫೋನಾನ್, ರೋಟಾನ್ ಮೇಲ್ಮೈಗೆ ಬರಬೇಕು, ಪರಮಾಣು ಹಾರಬೇಕು, ಮೇಲಿರುವ ಸೆನ್ಸರ್ ಅದನ್ನು ಹಿಡಿಯಬೇಕು. ನಡುದಾರಿಯಲ್ಲಿ ಫೋನಾನ್ 7 ಕೆಲ್ವಿನ್‌ಗಿಂತ ಸಣ್ಣ ಚೂರುಗಳಾಗಿ ಒಡೆದರೆ ಯಾವ ಪರಮಾಣುವೂ ಹಾರಲ್ಲ. ಈಗ ಹೇಳಿ, ಒಡೆಯುತ್ತೋ ಇಲ್ವೋ ಅನ್ನೋದು ಮುಖ್ಯ ಅಲ್ವಾ?

ಎಂಆರ್‌ಐ ಮಂಜ:
ಡಾರ್ಕ್ ಮ್ಯಾಟರ್ ಸಿಗುತ್ತೋ ಇಲ್ವೋ, ಹೀಲಿಯಂ ರೇಟ್ ಮಾತ್ರ ಇನ್ನೂ ಏರುತ್ತೆ. ಒಂದು ಸಲ ಕ್ವೆಂಚ್ ಆದರೆ (ಮ್ಯಾಗ್ನೆಟ್ ದಿಢೀರ್ ಬಿಸಿಯಾಗಿ ಹೀಲಿಯಂ ಕುದಿದು ಹೋದರೆ) ಎಲ್ಲಾ ಪೈಪಿನಲ್ಲಿ ಆಕಾಶಕ್ಕೆ. ನಮ್ಮ ಕಡೆ ಒಂದು ಆಸ್ಪತ್ರೆಯಲ್ಲಿ ಯಾರೋ ಸ್ಟೀಲ್ ಕುರ್ಚಿ ಒಳಗೆ ತಂದು ಅದು ಮೆಷಿನ್ನಿಗೆ ಅಂಟಿಕೊಂಡು ಗಾಬರಿಯಲ್ಲಿ ಕ್ವೆಂಚ್ ಬಟನ್ ಒತ್ತಿದರು. ಬಿಲ್ ನೋಡಿ ಆಡಳಿತದವರು ಕೂತುಬಿಟ್ಟರು.

ಸೊನ್ನೆ ಕೆಲ್ವಿನ್:
ಅದಕ್ಕೇ ಲ್ಯಾಬ್‌ನಲ್ಲಿ ಆವಿಯನ್ನು ಬಲೂನಿನಂಥ ಚೀಲಕ್ಕೆ ಹಿಡಿದು ಮತ್ತೆ ದ್ರವ ಮಾಡುತ್ತೇವೆ. ಕಾಫಿತೋಟದವರ ಬಲೂನು ಇಲ್ಲಿ ಬಂತು ನೋಡಿ.

ಕೊನೆಬೆಂಚು:
ಕೊನೇ ಪ್ರಶ್ನೆ, ಬೈಬೇಡಿ. ಗೈಡ್ ಖಂಡಿತ ಕೇಳ್ತಾರೆ. ಸೊನ್ನೆ ಬಾರ್‌ನಲ್ಲಿ ಮೂರು-ಫೋನಾನ್ ಡಿಕ್ಕಿ ಇಷ್ಟು ಬೇಗ ನಡೆಯುತ್ತೆ ಅಂದರೆ ಫೋನಾನ್ ಗುಂಪು ಎಲ್ಲಾ ದಿಕ್ಕಿಗೂ ಬೇಗ ಚದುರಿ ಹೋಗಬೇಕಲ್ವಾ? ಎಕ್ಸೆಟರ್‌ನಲ್ಲಿ ಅದು ಹೇಗೆ ಸೀದಾ ಹೋಯ್ತು?

ಥಿಯರಿ ತಿಪ್ಪ:
ಇದು ಬೈಯೋ ಪ್ರಶ್ನೆಯಲ್ಲ. ಬಾಗು ಇರೋದೇ ಮೂರು ನಾಲ್ಕು ಪರ್ಸೆಂಟ್, ಮಿಗುವ ಶಕ್ತಿ ಅಷ್ಟೇ, ಹಾಗಾಗಿ ಅಗಲುವ ಕೋನವೂ ಸಣ್ಣದು. ಒಂದೇ ದಿಕ್ಕಿನ ಫೋನಾನ್‌ಗಳು ತಮ್ಮಲ್ಲೇ ಶಕ್ತಿ ಹಂಚಿಕೊಂಡು ಬೇಗ ಒಂದು ತಾಪಮಾನಕ್ಕೆ ಬರುತ್ತವೆ, ದಿಕ್ಕು ಬದಲಾಗೋದು ಮಾತ್ರ ಬಹಳ ನಿಧಾನ. ಎರಡಕ್ಕೂ ಬೇರೆ ಬೇರೆ ಸಮಯ ಇದೆ ಅಂತ ಬೋರ್ಡಿನ ಮೇಲೆ ಬರೆಯಿರಿ. ಅಲ್ಲಿಂದ ಗೈಡ್ ಪ್ರಶ್ನೆ ಸ್ನಿಗ್ಧತೆ ಕಡೆ ಹೊರಳುತ್ತೆ. ದಿಕ್ಕು ಬದಲಾಗದೆ ಸ್ನಿಗ್ಧತೆ ಬರಲ್ಲ. ಅದಕ್ಕೆ ಉತ್ತರ ರೆಡಿ ಇಟ್ಟುಕೊಳ್ಳಿ.

ಮಂಡ್ಯ ಮೇಷ್ಟ್ರು:
ಅದಕ್ಕೆ ವಿಟ್ವರ್ತ್ 1958ರ ಪ್ರಯೋಗ ಹೇಳಮ್ಮ. ಸಣ್ಣ ಕೊಳವೆಯಲ್ಲಿ ಹೀಲಿಯಂ ತುಂಬಿ ಶಾಖ ಹೇಗೆ ಸಾಗುತ್ತೆ ಅಂತ ಅಳೆದರು. ತೀರಾ ತಣ್ಣಗಿದ್ದಾಗ ಫೋನಾನ್ ಗೋಡೆಯಿಂದ ಗೋಡೆಗೆ ಬಡಿಯುತ್ತಾ ಹೋಗುತ್ತೆ. ಸ್ವಲ್ಪ ಬಿಸಿಯಾದ ಮೇಲೆ ಫೋನಾನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಕೊಳವೆಯಲ್ಲಿ ಎಣ್ಣೆ ಹರಿಯೋ ಲೆಕ್ಕದಲ್ಲೇ ಹರಿಯುತ್ತವೆ. ಹರಳಿನಲ್ಲಿ ಜಾಲಕ ಅಡ್ಡ ಬರೋದರಿಂದ ಇದನ್ನು ನೋಡೋಕೆ ಒದ್ದಾಡಬೇಕು.

ಕೊನೆಬೆಂಚು:
ಬರ್ಕೊಂಡೆ ಸಾರ್. ಗ್ರಾಫನ್ನು ಸೊನ್ನೆ ಬಾರ್, 20 ಬಾರ್ ಎರಡಕ್ಕೂ ಪಕ್ಕಪಕ್ಕ ಹಾಕ್ತೀನಿ. 4 ಪರ್ಸೆಂಟ್ ಬಾಗು ಪ್ರೊಜೆಕ್ಟರ್‌ನಲ್ಲಿ ಕಾಣುತ್ತಾ?

ಸೊನ್ನೆ ಕೆಲ್ವಿನ್:
ಕಾಣಲ್ಲ. ಶಕ್ತಿಯನ್ನು ಸಂವೇಗದಿಂದ ಭಾಗಿಸಿ, ಆ ವೇಗವನ್ನು ಗ್ರಾಫ್ ಮಾಡಿ. 238ರಿಂದ ಶುರುವಾಗಿ ಏರಿ ಇಳಿಯೋದು ಕೊನೇ ಬೆಂಚಿಗೂ ಕಾಣುತ್ತೆ.